ವಂಶವೃಕ್ಷದಲ್ಲಿ ಸಿಗದ ಚೊಚ್ಚಲ ಮಗಳು

ನದೀಮೂಲ, ಋಷಿಮೂಲ ಹುಡುಕಬಾರದು ಅನ್ನುತ್ತಾರೆ ನಮ್ಮವರು. ನಾನು ಇಪ್ಪತ್ತೆಂಟು ವರ್ಷ ಮೂಲ ಹುಡುಕಿಯೇ ಅನ್ನ ತಿಂದವಳು. ಋಷಿಗಳಂತೂ ನನ್ನ ಕೈಗೆ ಸಿಗಲಿಲ್ಲ. ಸಿಕ್ಕವರು ಬೆಣ್ಣೆ ವ್ಯಾಪಾರಿಗಳು, ಹಡಗು ಕಟ್ಟುವ ಬಡಗಿಗಳು, ಪಾದ್ರಿಗಳು, ಮತ್ತೆ ಎರಡು ಊರಲ್ಲಿ ಎರಡು ಸಂಸಾರ ಹೂಡಿ ಎರಡೂ ಕಡೆ ಒಳ್ಳೆಯ ಹೆಸರು ಪಡೆದಿದ್ದ ಒಬ್ಬ ಅಂಚೆಯವನು. ಡಚ್ಚರ ದೇಶದ ದ ಹೇಗ್ ಊರಿನ ಒಂದು ಸಣ್ಣ ಕಚೇರಿಯಲ್ಲಿ ಕುಳಿತು ಜನರ ವಂಶಾವಳಿ ಹುಡುಕಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ನಾನು ನಿವೃತ್ತಳಾದ ಮೇಲೆ, ಲೈಡನ್‌ನಲ್ಲಿ ಓದುತ್ತಿರುವ ನಮ್ಮ ಕಡೆಯ ಒಂದಿಬ್ಬರು ಹುಡುಗಿಯರು, "ಶಮೀಮ್ ಆಂಟಿ, ಈ ಫೀಲ್ಡ್‌ಗೆ ಬರಬಹುದಾ? ಬೋರ್ ಆಗಲ್ವಾ?" ಎಂದು ಕೇಳಿದರು. ಅವರಿಗಾಗಿ ಇದು. ಬೋರ್ ಆಗುತ್ತದೆ, ವಾರಗಟ್ಟಲೆ ಆಗುತ್ತದೆ. ಆಮೇಲೆ ಒಂದು ದಿನ ಕುರ್ಚಿಯಿಂದ ಎದ್ದು ಕುಣಿಯುವಂತಾಗುತ್ತದೆ. ಆ ಒಂದು ದಿನಕ್ಕಾಗಿ ಮಿಕ್ಕ ದಿನಗಳನ್ನು ತಡೆದುಕೊಳ್ಳಬೇಕು.

ನಾನು ಶಿರಾದವಳು. ಮನೆಯಲ್ಲಿ ದಖನಿ, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ. ಮೈಸೂರಿನಲ್ಲಿ ಇತಿಹಾಸ ಓದಿ, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಈ ದೇಶಕ್ಕೆ ಬಂದೆ. ಡಚ್ ಕಲಿತು ಈ ಕಚೇರಿಗೆ ಅರ್ಜಿ ಹಾಕಿದಾಗ ಅದರ ಯಜಮಾನ ಹೆಂಕ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ವಂಶಾವಳಿ ಕೆಲಸದಲ್ಲಿ ಅನುಭವ ಏನಿದೆ?" ನನ್ನ ದಾದಿಯ, ಅಂದರೆ ಅಪ್ಪನ ತಾಯಿಯ ಪಕ್ಕ ಕುಳಿತು ಮದುವೆ ಕರೆಯುವವರ ಪಟ್ಟಿ ಬರೆದ ಅನುಭವ ಇದೆ ಎಂದೆ. ತಮಾಷೆಯಲ್ಲ. ಮುನ್ನೂರು ಮನೆಗಳ ಪಟ್ಟಿ. ಯಾರ ಮನೆಯ ಹೆಣ್ಣನ್ನು ಯಾರಿಗೆ ಕೊಟ್ಟಿದ್ದು, ಯಾರ ಹೆಸರು ಮೊದಲು ಬರದಿದ್ದರೆ ಯಾರು ಮುನಿಸಿಕೊಳ್ಳುತ್ತಾರೆ, ಎಲ್ಲ ದಾದಿಯ ಬಾಯಲ್ಲಿತ್ತು. ಹೆಂಕ್‌ಗೆ ಅದೆಷ್ಟು ಅರ್ಥವಾಯಿತೋ, ನಕ್ಕು, ಸೋಮವಾರದಿಂದ ಬಾ ಎಂದ.

ಸೋಮವಾರ ಹೋದೆ, ಎರಡನೇ ತಿಂಗಳಿಗೇ ಎಡವಿದೆ. ಇಲ್ಲಿಯ ಹಳೆಯ ಪದ್ಧತಿಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು. ಯಾನ್ ಎಂಬ ಅಜ್ಜನಿಗೆ ಐದು ಗಂಡುಮಕ್ಕಳಿದ್ದರೆ ಐದು ಮನೆಯಲ್ಲೂ ಒಬ್ಬೊಬ್ಬ ಯಾನ್. ಅಂಥ ಐವರಲ್ಲಿ ನಮ್ಮ ಗಿರಾಕಿಯಾಗಿದ್ದ ಒಬ್ಬ ಯಾನ್ ತೀರಿಕೊಂಡಿದ್ದ. ಅವನ ಹೆಂಡತಿ ಮಕ್ಕಳಿಗೆ ನಾನು ಬಲು ಗಂಭೀರವಾದ ಸಂತಾಪದ ಕಾಗದ ಬರೆದೆ. ಅದು ಹೋಗಿ ಬಿದ್ದದ್ದು ಬದುಕಿದ್ದ ಯಾನ್‌ನ ಮನೆಗೆ. ಮರುದಿನ ಫೋನು ಬಂತು. "ನಮಸ್ಕಾರ, ನಾನೇ ಆ ದಿವಂಗತ ಮಾತಾಡ್ತಾ ಇರೋದು. ಸತ್ತಿದ್ದು ನನಗೆ ಗೊತ್ತೇ ಆಗ್ಲಿಲ್ಲ, ನನ್ನ ಹೆಂಡತಿಯಂತೂ ತುಂಬಾ ಖುಷಿಯಾಗಿದ್ದಾಳೆ." ನಾನು ನಾಚಿಕೆಯಿಂದ ನೀರಾಗಿ ಹೋದೆ. ಹೆಂಕ್ ಬಯ್ಯಲಿಲ್ಲ. ಆ ಮನುಷ್ಯನಿಗೆ ಒಂದು ಹೂಗುಚ್ಛ ಕೊಂಡು ನೀನೇ ಕೊಟ್ಟು ಬಾ ಎಂದ. ಹೋದೆ. ದಿವಂಗತರು ಕಾಫಿ ಕೊಟ್ಟರು, ಜೊತೆಗೆ ಒಂದು ಬಿಸ್ಕತ್ತು. ಇಲ್ಲಿ ಬದುಕಿದ್ದವರೂ ಒಂದೇ ಬಿಸ್ಕತ್ತು ಕೊಡುವುದು.

ಅಂದಿನಿಂದ ನಾನು ನಮ್ಮೂರ ಉಪಾಯ ಹಿಡಿದೆ. ನಮ್ಮ ಬಳಗದಲ್ಲಿ ಮೂವರು ರಜಾಕ್ ಇದ್ದರು: ಸೈಕಲ್ ರಜಾಕ್, ಬೀಡಿ ರಜಾಕ್, ಸುಮ್ಮನೆ ರಜಾಕ್. ಹಾಗೆಯೇ ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಕುಂಟ ಯಾನ್, ಚೀಸ್ ಯಾನ್, ಜಗಳಗಂಟ ಯಾನ್ ಎಂದು ಬರೆಯತೊಡಗಿದೆ. ಇದು ವೃತ್ತಿಗೆ ಶೋಭೆಯಲ್ಲ ಎಂದು ಹೆಂಕ್ ಗೊಣಗಿದ. ಒಂದು ವರ್ಷದ ಮೇಲೆ ಅವನೇ ನನ್ನ ಮೇಜಿಗೆ ಬಂದು, "ಆ ಚೀಸ್ ಯಾನ್‌ನ ಕಡತ ಎಲ್ಲಿ?" ಎಂದು ಕೇಳಿದ. ಕಡತ ತೆಗೆದು ಕೊಟ್ಟೆ.

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಮೂರು ಸಲ ಬದಲಾಯಿತು. ಮೊದಲು ಪತ್ರಾಗಾರಕ್ಕೆ ಹೋಗಿ ದಪ್ಪ ಪುಸ್ತಕ ತೆರೆದು ಕೂರುತ್ತಿದ್ದೆವು. ಆಮೇಲೆ ಫಿಲ್ಮಿನ ಸುರುಳಿ ತಿರುಗಿಸಿ ತಿರುಗಿಸಿ ತಲೆ ಸುತ್ತು ಬರುತ್ತಿತ್ತು. ಆಮೇಲೆ ಎಲ್ಲ ಕಂಪ್ಯೂಟರಿಗೆ ಬಂತು. ಅದರ ಜೊತೆಗೇ ಯಾರು ಬೇಕಾದರೂ ತಮ್ಮ ವಂಶವೃಕ್ಷವನ್ನು ಇಂಟರ್‌ನೆಟ್ಟಿಗೆ ಏರಿಸುವ ಕಾಲವೂ ಬಂತು. ಒಬ್ಬನ ತಪ್ಪನ್ನು ನಲವತ್ತು ಜನ ನಕಲು ಮಾಡಿ ಇಟ್ಟಿರುತ್ತಾರೆ. ನಲವತ್ತು ಕಡೆ ಇದೆಯಲ್ಲ, ನಿಜವೇ ಇರಬೇಕು ಎಂದು ನಲವತ್ತೊಂದನೆಯವನು ಬರುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಈ ಕೆಲಸಕ್ಕೆ ಬರುವವರು ಮೇಜಿನ ಮೇಲೆ ಅಂಟಿಸಿಕೊಳ್ಳಲಿ.

ಇನ್ನು ಹೇಳಲೇಬೇಕಾದ ಪ್ರಕರಣಕ್ಕೆ ಬರುತ್ತೇನೆ. ನನ್ನ ಕೊನೆಯ ವರ್ಷದ್ದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು.

ಕೊರೊನಾ ಬಂದು ಜನ ಮನೆಯಲ್ಲಿ ಕೂತದ್ದೇ ತಡ, ಎಲ್ಲರಿಗೂ ಮುತ್ತಜ್ಜಂದಿರ ನೆನಪಾಯಿತು. ಪತ್ರಾಗಾರಗಳು ಮುಚ್ಚಿದ್ದವು, ನಮ್ಮ ಕಚೇರಿಯೂ ಮುಚ್ಚಿತ್ತು. ಕೆಲಸ ಮಾತ್ರ ಎರಡರಷ್ಟು. ನಾನು ಊಟದ ಮೇಜನ್ನೇ ಕಚೇರಿ ಮಾಡಿಕೊಂಡಿದ್ದೆ. ಆಗ ಲೈಡನ್‌ನಿಂದ ಯೋಹಾನಾ ಎಂಬ ಎಂಬತ್ತನಾಲ್ಕು ವರ್ಷದ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ನಾವು ಮಾತಾಡಿದ್ದೆಲ್ಲ ಡಚ್ಚಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನಮ್ಮಪ್ಪ ಸುಳ್ಳು ಹೇಳಿದ್ರಾ ಇಲ್ವಾ, ಅಷ್ಟು ತಿಳಿದರೆ ಸಾಕು ನನಗೆ," ಎಂದರು.

ಅವರಪ್ಪ ರಾಟರ್‌ಡ್ಯಾಮ್ ಬಂದರಿನಲ್ಲಿ ಗುಮಾಸ್ತರಾಗಿದ್ದವರು. ಹದಿನೆಂಟನೇ ಶತಮಾನದ ಐರ್ಲೆಂಡಿನ ದೊಡ್ಡ ಜಮೀನುದಾರ, ಡಬ್ಲಿನ್ನಿನ ಪಾರ್ಲಿಮೆಂಟಿನ ಸದಸ್ಯ ವಿಲಿಯಂ ಎಂಬಾತನ ಚೊಚ್ಚಲ ಮಗಳು ಕ್ಯಾಥರೀನ್. ಅವಳು ರಾಟರ್‌ಡ್ಯಾಮಿನ ಬೆಣ್ಣೆ ವ್ಯಾಪಾರಿಯನ್ನು ಮದುವೆಯಾಗಿ ಇಲ್ಲಿಗೆ ಬಂದಳು. ನಾವು ಅವಳ ಸಂತಾನ ಎಂದು ಅವರಪ್ಪ ಬದುಕಿರುವವರೆಗೂ ಹೇಳುತ್ತಿದ್ದರಂತೆ. ಅದನ್ನೆಲ್ಲ ಬರೆದಿಟ್ಟಿದ್ದ ಮನೆಯ ಬೈಬಲ್ ಎರಡನೇ ಮಹಾಯುದ್ಧದಲ್ಲಿ ರಾಟರ್‌ಡ್ಯಾಮಿನ ಮೇಲೆ ಬಾಂಬು ಬಿದ್ದಾಗ ಮನೆಯೊಂದಿಗೇ ಸುಟ್ಟುಹೋಯಿತು. ಯೋಹಾನಾರಿಗೆ ಆರು ವರ್ಷ ದೊಡ್ಡವನಾದ ಅಣ್ಣ, ಪೀಟ್. ಅಪ್ಪನ ಅಂತ್ಯಸಂಸ್ಕಾರದ ದಿನ ಈ ಪೀಟ್ ಎಲ್ಲರೆದುರು ಎದ್ದು ನಿಂತು, "ನಮ್ಮಪ್ಪ ಒಳ್ಳೆಯವರು, ಆದರೆ ಆ ಐರ್ಲೆಂಡಿನ ಕಥೆ ಪೂರಾ ಸುಳ್ಳು," ಎಂದುಬಿಟ್ಟ. ತಂಗಿ ಅಂದು ಮಾತು ಬಿಟ್ಟವರು ಮೂವತ್ತು ವರ್ಷ ಆಡಿರಲಿಲ್ಲ. ಈಗ ಅಣ್ಣ ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ಒಂದು ವೃದ್ಧರ ಆರೈಕೆ ಮನೆಯಲ್ಲಿದ್ದ. ಅಂಥ ಮನೆಗಳಿಂದ ಆಗ ದಿನವೂ ಕೆಟ್ಟ ಸುದ್ದಿ ಬರುತ್ತಿತ್ತು.

"ಸುಳ್ಳಾಗಿದ್ರೆ ನಾನೇ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ನಿಜ ಆಗಿದ್ರೆ ಅವನು ಕೇಳ್ಬೇಕು. ಯಾವುದಾದರೂ ಒಂದು ಹೇಳಿ, ಬೇಗ ಹೇಳಿ," ಎಂದರು ಯೋಹಾನಾ.

ಕ್ಷಮೆಗೂ ಸಾಕ್ಷ್ಯ ಬೇಕೆನ್ನುವ ಜನ! ನಮ್ಮಲ್ಲಾದರೆ ಯಾರೋ ಚಿಕ್ಕಪ್ಪ ಮಧ್ಯೆ ಬಂದು ಇಬ್ಬರಿಗೂ ಗದರಿ ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದ. ಇರಲಿ, ಅವರವರ ಪದ್ಧತಿ ಅವರವರಿಗೆ.

ಆ ಐರಿಷ್ ಮನೆತನದ ಹೆಸರು ಇಲ್ಲಿ ಹೇಳುವುದಿಲ್ಲ, ಹೇಳಬಾರದು. ಅವರ ವಂಶಾವಳಿ ಅಚ್ಚಾದ ಪುಸ್ತಕಗಳಲ್ಲಿದೆ. ಓದುತ್ತಾ ನನಗೆ ತವರಿಗೆ ಹೋದಷ್ಟು ಸಂತೋಷವಾಯಿತು. ಹತ್ತು ಹನ್ನೆರಡು ಮತದಾರರಿರುವ ಒಂದು ಪುಟ್ಟ ಊರು. ಆ ಊರಿನ ಪಾರ್ಲಿಮೆಂಟ್ ಸ್ಥಾನ ಅಪ್ಪನಿಂದ ಮಗನಿಗೆ, ಮಗನಿಂದ ತಮ್ಮನಿಗೆ, ತಮ್ಮನಿಂದ ಅಳಿಯನಿಗೆ. ಹೆಸರುಗಳು ಮೂರೇ: ವಿಲಿಯಂ, ಹೆನ್ರಿ, ಮತ್ತೆ ವಿಲಿಯಂ. ಪಕ್ಕದ ಜಮೀನಿನ ಹೆಣ್ಣನ್ನು ತಂದು, ತಮ್ಮ ಹೆಣ್ಣನ್ನು ಅದೇ ಮನೆಗೆ ಕೊಟ್ಟು, ಮುಂದಿನ ತಲೆಮಾರಿನಲ್ಲಿ ಅತ್ತೆ ಮಗಳು, ಮಾವನ ಮಗ ಎಂದು ಮತ್ತೆ ಗಂಟು ಹಾಕಿದ್ದರು. ವಿಡಿಯೊ ಕಾಲಿನಲ್ಲಿ ಹೆಂಕ್, "ಇವಳು ಅವನಿಗೆ ಹೆಂಡತಿಯೋ ತಂಗಿಯೋ?" ಎಂದು ತಲೆ ಹಿಡಿದುಕೊಂಡ. ನನಗೆ ಒಂದೇ ನೋಟಕ್ಕೆ ತಿಳಿಯಿತು. ಪಾರ್ಲಿಮೆಂಟ್ ವಿಲಿಯಂ, ಬೇಟೆ ವಿಲಿಯಂ, ಉದಾಸೀನ ವಿಲಿಯಂ ಎಂದು ಹೆಸರಿಟ್ಟು ಜಮಾಯಿಸಿಬಿಟ್ಟೆ.

ಆದರೆ ಪಾರ್ಲಿಮೆಂಟ್ ವಿಲಿಯಂನ ಮಕ್ಕಳಲ್ಲಿ ಕ್ಯಾಥರೀನ್ ಇಲ್ಲ. ಅವನ ಜಮೀನಿನ ಊರಿನ ಚರ್ಚಿನಲ್ಲಿ ನಾಮಕರಣದ ದಾಖಲೆ ಉಳಿದಿತ್ತು. ಅದರಲ್ಲಿ ಮದುವೆಯಾಗಿ ಮೂರನೇ ವರ್ಷಕ್ಕೆ ಮೊದಲ ಮಗ ಹೆನ್ರಿ, ಆಮೇಲೆ ಸಾಲಾಗಿ ಐವರು. ಪುಸ್ತಕ ಬರೆದವರೆಲ್ಲ ಆ ಆರು ಜನರನ್ನೇ ಎತ್ತಿಕೊಂಡಿದ್ದರು. ಇನ್ನು ಈ ಕಡೆ ರಾಟರ್‌ಡ್ಯಾಮಿನ ಹಳೆಯ ಮದುವೆ ದಾಖಲೆಯಲ್ಲಿ ಕ್ಯಾಥರೀನ್ ಇದ್ದಾಳೆ, ಅದೇ ಮನೆತನದ ಹೆಸರೂ ಇದೆ. ಅಪ್ಪನ ಹೆಸರಿಲ್ಲ, ಹುಟ್ಟೂರು ಮಾತ್ರ ಬರೆದಿದೆ. ಆ ಹುಟ್ಟೂರು ವಿಲಿಯಂನ ಊರಲ್ಲ. ಎರಡು ಜಿಲ್ಲೆ ಆಚೆಯ ಒಂದು ಹಳ್ಳಿ. ಪೀಟ್ ಹಿಡಿದುಕೊಂಡಿದ್ದು ಇದನ್ನೇ. ಪಾರ್ಲಿಮೆಂಟಿನವನ ಮಗಳು ಯಾವುದೋ ಹಳ್ಳಿಯಲ್ಲಿ ಹುಟ್ಟುತ್ತಾಳಾ?

ಹೆಂಕ್ ನಿಯಮದಂತೆ, "ಸಾಬೀತಾಗಿಲ್ಲ ಅಂತ ಬರೆದು ಮುಚ್ಚು," ಎಂದ. ಬರೆದು ಕಳಿಸಿದೆ. ಯೋಹಾನಾ ಫೋನ್ ಮಾಡಿದರು. ಕೋಪ ಮಾಡಿಕೊಳ್ಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ನೀವು ನಿಮ್ಮ ಕೆಲಸ ಸರಿಯಾಗೇ ಮಾಡಿದ್ದೀರಿ. ಆದರೆ ಸಾಬೀತಾಗಿಲ್ಲ ಅಂದ್ರೆ ನಮ್ಮಲ್ಲಿ ಯಾರು ಫೋನ್ ಮಾಡ್ಬೇಕು?"

ನಿವೃತ್ತಿಗೆ ಆರು ತಿಂಗಳಿತ್ತು. ಮುಚ್ಚಿದ ಕಡತವನ್ನು ಮೇಜಿನ ಮೇಲೇ ಇಟ್ಟುಕೊಂಡು ದಿನಾ ನೋಡುತ್ತಿದ್ದೆ.

ಇದೇ ಹೊತ್ತಿಗೆ ನನ್ನ ಮಗಳು ಸನಾ ಚೊಚ್ಚಲ ಬಸುರಿ. ಅವಳೂ ಅಳಿಯ ಇಮ್ರಾನನೂ ಐಂಡ್‌ಹೋವನ್‌ನಲ್ಲಿದ್ದರು. ಶಿರಾದಿಂದ ನನ್ನ ಅಮ್ಮಿ ದಿನಾ ವಾಟ್ಸಾಪಿನಲ್ಲಿ ಪ್ರತ್ಯಕ್ಷ.

"ಅರೆ ಶಮೀಮ್, ಏಳು ತುಂಬ್ತು. ಹುಡುಗೀನ ಇನ್ನೂ ಮನೆಗೆ ಕರ್ಕೊಂಡು ಬಂದಿಲ್ವಾ? ಮೊದಲ್ನೇ ಹೆರಿಗೆ ತವರಲ್ಲೇ ಆಗ್ಬೇಕು. ನಿನ್ನ ನಾನು ಕರ್ಕೊಂಡು ಬರ್ಲಿಲ್ವೇನೆ?"

ಅದೇ ಕಾಲಿನಲ್ಲಿರುತ್ತಿದ್ದ ಸನಾ ಅಜ್ಜಿಯ ಮಾತು ಕೇಳಿಸಿಕೊಂಡು, "ನಾನೀ, ಪ್ಲೀಸ್. ಇಲ್ಲಿ ನನಗೆ ಮಿಡ್‌ವೈಫ್ ಇದ್ದಾರೆ, ಎವ್ರಿಥಿಂಗ್ ಈಸ್ ಪ್ಲ್ಯಾನ್ಡ್," ಎನ್ನುತ್ತಿದ್ದಳು.

ಪ್ಲ್ಯಾನು ಕೊರೊನಾಕ್ಕೆ ಗೊತ್ತಿರಲಿಲ್ಲ. ಒಂಬತ್ತನೇ ತಿಂಗಳಲ್ಲಿ ಇಮ್ರಾನನ ಜೊತೆ ಕೆಲಸ ಮಾಡುವವನಿಗೆ ಸೋಂಕು ತಗುಲಿತು. ಇಮ್ರಾನ್ ಕೋಣೆಯೊಳಗೆ ಬಂದಿ. ಸನಾ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲವೆಂದು ತಿಳಿದ ಮೇಲೆ ಸೂಟ್‌ಕೇಸ್ ಹಿಡಿದು ದ ಹೇಗ್‌ಗೆ ಬಂದಳು. ಬಂದ ಎಂಟನೇ ದಿನ ಹೆರಿಗೆಯಾಯಿತು, ಹೆಣ್ಣುಮಗು. ಅಮ್ಮಿ ಫೋನಿನಲ್ಲಿ ಅತ್ತರು, ನಕ್ಕರು, ಆಮೇಲೆ ಗೆದ್ದ ದನಿಯಲ್ಲಿ, "ನೋಡ್ದಾ? ತವರಿಗೆ ಬರ್ದೆ ಎಲ್ಲಿ ಹೋಗ್ತಾಳೆ!" ಎಂದರು. ಇಮ್ರಾನ್ ಬಿಡುಗಡೆಯಾಗಿ ಓಡಿಬಂದ. ಈ ದೇಶದಲ್ಲಿ ಮಗು ಯಾವ ಊರಲ್ಲಿ ಹುಟ್ಟಿತೋ ಆ ಊರಿನ ನಗರಸಭೆಯಲ್ಲೇ ಜನನ ಬರೆಸಬೇಕು. ತಂದೆತಾಯಿಯ ವಾಸ ಎಲ್ಲಿ ಎಂಬುದು ಮುಖ್ಯವಲ್ಲ. ಅವನು ಮಾಸ್ಕ್ ಹಾಕಿಕೊಂಡು ಹೋಗಿ ಬರೆಸಿ, ಪ್ರಮಾಣಪತ್ರ ತಂದು ಊಟದ ಮೇಜಿನ ಮೇಲೆ ಇಟ್ಟ. ಹುಟ್ಟಿದ ಸ್ಥಳ: ದ ಹೇಗ್.

ನನ್ನ ಬುದ್ಧಿ ಓಡುವುದೇ ಹಾಗೆ. ಮೊಮ್ಮಗಳ ಕಾಗದ ನೋಡಿ ಮೊದಲು ಬಂದ ಯೋಚನೆ, ಅಯ್ಯೋ, ಇನ್ನೂರು ವರ್ಷದ ಮೇಲೆ ನನ್ನಂಥವಳೊಬ್ಬಳು ಐಂಡ್‌ಹೋವನ್‌ನಲ್ಲಿ ಹುಡುಕಿ, ಇಂಥ ಮಗುವೇ ಇರಲಿಲ್ಲ ಎಂದು ಬರೆಯುತ್ತಾಳಲ್ಲ ಎಂದು. ಎರಡನೆಯ ಯೋಚನೆಗೆ ಕೈಯಲ್ಲಿದ್ದ ಬಾಣಂತಿಯ ಸಾರು ಚೆಲ್ಲಿತು.

ಕ್ಯಾಥರೀನ್ ಚೊಚ್ಚಲು. ಅವಳ ತಾಯಿಯ ತವರು ಯಾವುದು?

ಆರು ತಿಂಗಳು ನಾನು ಗಂಡಸರನ್ನೇ ಹುಡುಕಿದ್ದೆ. ಶಿರಾದ ಮೂರನೇ ಕ್ಲಾಸಿನ ಹುಡುಗಿಯೂ ಕೇಳುವ ಪ್ರಶ್ನೆಯನ್ನು, ಡಚ್ಚರ ನಡುವೆ ಇದ್ದೂ ಇದ್ದೂ, ನಾನು ಕೇಳಿರಲೇ ಇಲ್ಲ. ನಾಚಿಕೆಯಾಯಿತು. ಪುಸ್ತಕದಲ್ಲಿ ವಿಲಿಯಂನ ಹೆಂಡತಿಯ ಬಗ್ಗೆ ಒಂದೇ ಸಾಲು: ಪಾದ್ರಿ ಬಾರ್ತಲೋಮ್ಯೂ ಎಂಬಾತನ ಮಗಳು. ಪಾದ್ರಿ ಎಲ್ಲಿಯವನು ಎಂದು ಹುಡುಕಿದೆ. ಎರಡು ಜಿಲ್ಲೆ ಆಚೆಯ ಹಳ್ಳಿ. ರಾಟರ್‌ಡ್ಯಾಮಿನ ದಾಖಲೆಯಲ್ಲಿದ್ದ ಹಳ್ಳಿಯೇ.

ಆದರೂ ಕಾಗದ ಬೇಕಲ್ಲ. ನೂರು ವರ್ಷದ ಹಿಂದೆ ಡಬ್ಲಿನ್ನಿನ ದಾಖಲೆ ಕಚೇರಿ ಉರಿದುಹೋದಾಗ ಐರ್ಲೆಂಡಿನ ಅದೆಷ್ಟೋ ಚರ್ಚುಗಳ ಪುಸ್ತಕಗಳು ಬೂದಿಯಾದವು. ಆ ಹಳ್ಳಿಯ ಪುಸ್ತಕ ಡಬ್ಲಿನ್ನಿಗೆ ಹೋಗಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಚರ್ಚಿನ ಉಸ್ತುವಾರಿ ನೋಡುವ ಮಾರ್ಗರೆಟ್ ಎಂಬ ರೈತ ಹೆಂಗಸಿನ ನಂಬರು ಸಿಕ್ಕಿತು. ಅವರು ಹಾಲು ಕರೆದು ಮುಗಿಸಿ, ಬೀಗದ ಕೈ ಹುಡುಕಿ, ಖಾಲಿ ಚರ್ಚಿನೊಳಗೆ ಹೋಗಿ ವಿಡಿಯೊ ಕಾಲ್ ಮಾಡಿದರು. ಕಬ್ಬಿಣದ ಪೆಟ್ಟಿಗೆ ತೆರೆದರು. ಪುಸ್ತಕ ಇತ್ತು!

"ಹಾಳೆ ಅಂಟ್ಕೊಂಡಿದೆ ಕಣಮ್ಮ, ಎಳೆಯಲಾ?" ಎಂದರು ಮಾರ್ಗರೆಟ್.

"ಬೇಡ ಬೇಡ, ಎಳೀಬೇಡಿ!" ನಾನು ಕೂಗಿದ್ದಕ್ಕೆ ಒಳಗಿನ ಕೋಣೆಯಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು.

ಒಂದೊಂದೇ ಹಾಳೆ ತಿರುವಿಸಿದೆ. ಮದುವೆಯಾದ ಮರುವರ್ಷದ ಪುಟದಲ್ಲಿ, ಪಾದ್ರಿಯ ಸ್ವಂತ ಅಕ್ಷರದಲ್ಲಿ, ಪಾರ್ಲಿಮೆಂಟ್ ಸದಸ್ಯನಾದ ಇಂಥ ಊರಿನ ವಿಲಿಯಂನಿಗೂ ನನ್ನ ಮಗಳಿಗೂ ನನ್ನ ಮನೆಯಲ್ಲಿ ಹುಟ್ಟಿದ ಮೊದಲ ಮಗು ಕ್ಯಾಥರೀನ್‌ಗೆ ನಾನೇ ದೀಕ್ಷಾಸ್ನಾನ ಮಾಡಿಸಿದೆ ಎಂದಿತ್ತು. ತಾತ ತನ್ನ ಮೊಮ್ಮಗಳಿಗೆ ತಾನೇ ಹೆಸರಿಟ್ಟಿದ್ದ. ರಾಟರ್‌ಡ್ಯಾಮಿನಲ್ಲಿ ಕ್ಯಾಥರೀನ್ ತನ್ನ ಎರಡನೇ ಮಗನಿಗೆ ಇಟ್ಟ ಹೆಸರು ಬಾರ್ತಲೋಮ್ಯೂ ಎಂದು ಅದೇ ಸಂಜೆ ನೋಡಿದೆ. ಅಮ್ಮಿಯ ತವರಿನ ಮಾತನ್ನೂ ಬರೆದು ಹೆಂಕ್‌ಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವನ ಉತ್ತರ ಬಂತು: "ಸಾಬೀತಾಗಿದೆ. ನಿನ್ನ ಅಮ್ಮನಿಗೆ ಕೇಕ್ ಕಳಿಸಬಹುದಾ?" ಇಪ್ಪತ್ತೆಂಟು ವರ್ಷದಲ್ಲಿ ಅವನಿಂದ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಇದು.

ಇದನ್ನೇ ಸೂತ್ರ ಮಾಡಿಕೊಳ್ಳಬೇಡಿ, ಹುಡುಗಿಯರೇ. ಮುಂದಿನ ಪ್ರಕರಣದಲ್ಲೂ ಚೊಚ್ಚಲ ಮಗು ಕಾಣದಾದಾಗ ನಾನು ಜಂಬದಿಂದ ತಾಯಿಯ ತವರೂರಿನಲ್ಲಿ ಮೂರು ವಾರ ಹುಡುಕಿದೆ. ಮಗು ಅಪ್ಪನ ಊರಲ್ಲೇ ಇತ್ತು, ನಾನೇ ಒಂದು ಪುಟ ಹಾರಿಸಿದ್ದೆ.

ಯೋಹಾನಾರಿಗೆ ಫೋನಿನಲ್ಲಿ ಹೇಳಿದಾಗ ಪಾದ್ರಿ ಬರೆದ ಸಾಲನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, "ಅವನಾಗೇ ಫೋನ್ ಮಾಡ್ಲಿ ಅಂತ ಕಾಯೋಷ್ಟು ಸಮಯ ನನಗಿಲ್ಲ. ನಾನೇ ಹೋಗ್ತೀನಿ, ನೀವೂ ಬನ್ನಿ. ಏನಾದ್ರೂ ಪ್ರಶ್ನೆ ಕೇಳಿದ್ರೆ ನೀವು ಉತ್ತರ ಹೇಳಿ," ಎಂದರು. ಗಿರಾಕಿಗಳ ಮನೆಜಗಳಕ್ಕೆ ಹೋಗಬಾರದೆಂಬುದು ನಮ್ಮ ಕಚೇರಿಯ ನಿಯಮ. ಹೋದೆ.

ಕಾಪೆಲ್ಲೆಯ ಆ ಮನೆಯಲ್ಲಿ ಆ ವಾರ ಇಬ್ಬರಿಗೆ ಸೋಂಕು, ಒಳಗೆ ಬಿಡಲಿಲ್ಲ. ನೆಲಮಹಡಿಯ ಕಿಟಕಿಯ ಹೊರಗೆ ಎರಡು ಕುರ್ಚಿ ಹಾಕಿಕೊಟ್ಟರು. ಕಿಟಕಿಯ ಒಳಗೆ ಪೀಟ್, ತೊಂಬತ್ತು ವರ್ಷ, ಕೋಲುಮುಖ, ಕೋಟು ಹಾಕಿಕೊಂಡು ಕುಳಿತಿದ್ದರು. ಇಬ್ಬರ ಕೈಯಲ್ಲೂ ಫೋನು, ಸ್ಪೀಕರ್ ಹಾಕಿತ್ತು. ವರದಿಯನ್ನು ಮೊದಲೇ ಒಳಗೆ ಕೊಟ್ಟಿದ್ದೆವು. ಅವರು ಅದನ್ನು ನಮ್ಮೆದುರಿಗೇ ಓದಿದರು. ಮುಗಿಸಿ, ಮತ್ತೆ ಮೊದಲ ಪುಟಕ್ಕೆ ಹೋಗಿ ಓದಿದರು. ಯೋಹಾನಾ ಚಳಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೇ ಇದ್ದರು.

"ಹಾರ್ಪ್ ಬಗ್ಗೆ ಏನೂ ಇಲ್ವಲ್ಲ?" ಎಂದರು ಪೀಟ್.

ನನಗೆ ಅರ್ಥವಾಗಲಿಲ್ಲ. ಯೋಹಾನಾ ಕೆಂಪಾದರು. ಕ್ಯಾಥರೀನ್ ಹಡಗಿನಿಂದ ಇಳಿಯುವಾಗ ಆಳೆತ್ತರದ ಹಾರ್ಪ್ ಎಂಬ ತಂತಿವಾದ್ಯವೊಂದನ್ನು ತಂದಿದ್ದಳು ಎಂದು ಅಪ್ಪ ಹೇಳುತ್ತಿದ್ದರಂತೆ. ನನಗೆ ಹೇಳಿದರೆ ನಗುತ್ತೇನೆಂದು ಅಷ್ಟನ್ನು ಮುಚ್ಚಿಟ್ಟಿದ್ದರು.

"ಅದು ಎಲ್ಲೂ ಸಿಗಲ್ಲ," ಎಂದರು ಪೀಟ್. "ಅದು ನಾನು ಹೇಳಿದ್ದು."

"ನೀನಾ?"

"ಮನೆ ಸುಟ್ಟು ಹೋಗಿತ್ತು. ಯಾರದ್ದೋ ಕೊಟ್ಟಿಗೇಲಿ ಮಲಗಿದ್ವಿ. ನಿನಗೆ ನಾಲ್ಕು ವರ್ಷ, ಅಳು ನಿಲ್ಲಿಸ್ತಾನೇ ಇರ್ಲಿಲ್ಲ. ಅಪ್ಪ ಕ್ಯಾಥರೀನ್ ಕಥೆ ಹೇಳಿದ್ರು, ಆದರೂ ನಿಲ್ಲಿಸ್ಲಿಲ್ಲ. ಅದಕ್ಕೆ ನಾನು, ಅವಳ ಹತ್ರ ಒಂದು ಹಾರ್ಪ್ ಇತ್ತು, ಹಡಗಲ್ಲಿ ದಿನಾ ಬಾರಿಸ್ತಿದ್ಲು ಅಂದೆ. ನೀನು ಅಳು ನಿಲ್ಲಿಸಿದೆ. ಅವತ್ತಿಂದ ಅಪ್ಪ ಆ ಹಾರ್ಪನ್ನ ಬಿಡ್ಲೇ ಇಲ್ಲ. ದೊಡ್ಡವನಾದ ಮೇಲೆ ಕೇಳ್ದೆ, ಅಪ್ಪಾ ಅದು ನಾನು ಹೇಳಿದ್ದಲ್ವಾ ಅಂತ. ಇಲ್ಲ, ಬೈಬಲ್ಲಲ್ಲೇ ಬರೆದಿತ್ತು ಅಂದ್ರು. ಅದೊಂದು ಸುಳ್ಳಾದ್ರೆ ಮಿಕ್ಕಿದ್ದೂ ಸುಳ್ಳೇ ಅಂದ್ಕೊಂಡೆ ನಾನು."

"ಮೂವತ್ತು ವರ್ಷ, ಪೀಟ್! ಇದನ್ನ ಒಂದು ಸಲ ನನಗೆ ಹೇಳೋಕಾಗ್ಲಿಲ್ವಾ?"

"ನಿನಗೆ ಹೇಗೆ ಹೇಳ್ಲಿ? ನಿನಗೆ ಆ ಹಾರ್ಪ್ ಅಂದ್ರೆ ಅಷ್ಟೊಂದು ಇಷ್ಟ."

ಯೋಹಾನಾ ಅತ್ತರು, ನಾನೂ ಅತ್ತೆ. ಮಾಸ್ಕ್ ಒದ್ದೆಯಾಗಿ ಉಸಿರಾಡುವುದೇ ಕಷ್ಟವಾಯಿತು. ಪೀಟ್ ಕ್ಷಮಿಸು ಎಂದರು. ಯೋಹಾನಾ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಆ ಕೊಟ್ಟಿಗೆಯಲ್ಲಿ ಹಸು ಇತ್ತಾ, ಎಷ್ಟು ಇದ್ದವು ಎಂದು ಕೇಳತೊಡಗಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹಾರ್ಪನ್ನು ವರದಿಯಲ್ಲಿ ಸೇರಿಸಬೇಕೆಂದು ತಂಗಿ, ಸಾಕ್ಷ್ಯವಿಲ್ಲದ್ದನ್ನು ಸೇರಿಸಬಾರದೆಂದು ಅಣ್ಣ. ಮೂವತ್ತು ವರ್ಷದ ಮೇಲೆ ಮೊದಲ ಜಗಳ. ನಾನು ಬ್ಯಾಗಿನಿಂದ ಪೆನ್ನು ತೆಗೆದು, ನನ್ನ ಪ್ರತಿಯ ಕೊನೆಯ ಪುಟದಲ್ಲಿ, ಮೊಣಕಾಲ ಮೇಲಿಟ್ಟುಕೊಂಡು, ಅವರಿಬ್ಬರಿಗೂ ಓದಿ ಹೇಳುತ್ತಾ ಬರೆದೆ: "ಹಾರ್ಪ್: ಬಾಯಿಮಾತು. ಮೂಲ, ಪೀಟ್, ಆಗ ವಯಸ್ಸು ಹತ್ತು. ಉದ್ದೇಶ, ತಂಗಿಯ ಅಳು ನಿಲ್ಲಿಸುವುದು."